ಡಬ್ಬಿ ಮೀನಿನ ಊಟ ಮತ್ತು ಪ್ರೀತಿಯ ಅಳತೆ



ಮಳೆಗಾಲದ ಒಂದು ಸಂಜೆಯನ್ನು ನೆನಪಿಗೆ ತಂದುಕೊಳ್ಳಿ. ಜೂನ್ 1ರಿಂದ ಜುಲೈ 31ರವರೆಗೆ ನಮ್ಮ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಪೇಟೆಯಲ್ಲಿ ಹಸಿ ಮೀನು ಅಪರೂಪ, ಸಿಕ್ಕಿದರೂ ದುಬಾರಿ. ಮನೆಯೊಡತಿ ಕೆಲಸ ಮುಗಿಸಿ, ಬಸ್ಸಿನಲ್ಲಿ ನಿಂತುಕೊಂಡೇ ಬಂದು, ನೆನೆದ ಕೊಡೆಯನ್ನು ಮೂಲೆಗಿಟ್ಟು ನೇರವಾಗಿ ಅಡುಗೆಮನೆಗೆ ಹೋಗುತ್ತಾಳೆ. ಅನ್ನಕ್ಕಿಟ್ಟು, ಕಪಾಟಿನಿಂದ ಒಂದು ಮೀನಿನ ಡಬ್ಬಿ ತೆಗೆಯುತ್ತಾಳೆ. ಅರ್ಧ ಗಂಟೆಯಲ್ಲಿ ಊಟ ಸಿದ್ಧ. ಆಗ ಮೇಜಿನ ಮುಂದೆ ಕುಳಿತವರೊಬ್ಬರು ಕೇಳುತ್ತಾರೆ: “ಇವತ್ತು ಡಬ್ಬಿ ಮೀನಾ?”

ಮೂರೇ ಪದ. ಅದರಲ್ಲಿ ಬೈಗುಳವಿಲ್ಲ, ಸಿಟ್ಟಿಲ್ಲ. ಆದರೆ ಒಳಗಿನ ಅರ್ಥ ಆಕೆಗೆ ತಿಳಿಯದೆ ಇರುವುದಿಲ್ಲ: ನಮಗಾಗಿ ಇಷ್ಟು ಶ್ರಮ ಪಡಲೂ ನಿನ್ನಿಂದ ಆಗಲಿಲ್ಲವೇ?

ಕೆಲವು ವರ್ಷಗಳ ಹಿಂದೆ ನಮ್ಮ ಮನೆಯಲ್ಲಿ ಆ ಮಾತನ್ನಾಡಿದವನು ನಾನೇ. ನನ್ನ ಪತ್ನಿ ಉತ್ತರ ಕೊಡಲಿಲ್ಲ. ಎಲ್ಲರಿಗೂ ಬಡಿಸಿ, ತಾನು ಮಜ್ಜಿಗೆ ಅನ್ನ ಉಂಡು ಎದ್ದಳು. ಅಂದಿನಿಂದ ಮೀನಿನ ಡಬ್ಬಿ ನಮ್ಮ ಮನೆಗೆ ಬರುವುದು ನಿಂತಿತು. ಎಷ್ಟೇ ತಡವಾಗಿ ಬಂದರೂ ಆಕೆ ಕಾಯಿ ತುರಿದು, ಮಸಾಲೆ ಅರೆದು ಸಾರು ಮಾಡುತ್ತಿದ್ದಳು. ಮಕ್ಕಳು ಮೊದಲು ಉಂಡು ಮಲಗುತ್ತಿದ್ದರು, ಆಮೇಲೆ ನಾನು, ಪಾತ್ರೆಗಳನ್ನೆಲ್ಲ ತೊಳೆದ ಬಳಿಕ ಕೊನೆಗೆ ಆಕೆ ಒಬ್ಬಳೇ. ಸಾರು ರುಚಿಯಾಗಿತ್ತು. ಮೇಜಿನ ಸುತ್ತ ಯಾರೂ ಇರಲಿಲ್ಲ. ಅದನ್ನು ನಾನು ಗಮನಿಸಿರಲಿಲ್ಲ.

ಒಮ್ಮೆ ನನ್ನ ಅತ್ತೆಯವರು ಬಿದ್ದು ಕಾಲು ಮುರಿದುಕೊಂಡಾಗ ಆಕೆ ತವರಿಗೆ ಹೋಗಬೇಕಾಯಿತು. ಮಕ್ಕಳಿಬ್ಬರ ಊಟದ ಹೊಣೆ ನನ್ನದಾಯಿತು. ಎರಡನೆಯ ದಿನ ನಾನೇ ಅಂಗಡಿಗೆ ಹೋಗಿ ಒಂದು ಡಬ್ಬಿ ಮೀನು ತಂದೆ!

ಮಾಡುವುದು ಕಷ್ಟವಲ್ಲ, ನನ್ನಂಥವನಿಗೂ ಬಂತು. ಎರಡು ಈರುಳ್ಳಿ, ಎರಡು ಹಸಿಮೆಣಸು, ಒಂದು ತುಂಡು ಶುಂಠಿ, ನಾಲ್ಕು ಎಸಳು ಬೆಳ್ಳುಳ್ಳಿ ಹೆಚ್ಚಿಕೊಳ್ಳಿ. ಬಾಣಲೆಯಲ್ಲಿ ಎಣ್ಣೆ ಕಾಯಿಸಿ ಸಾಸಿವೆ, ಕರಿಬೇವು ಹಾಕಿ, ಹೆಚ್ಚಿದ್ದನ್ನು ಬಾಡಿಸಿ. ಒಂದು ಟೊಮೆಟೊ, ಚಿಟಿಕೆ ಅರಿಶಿನ, ಒಂದು ಚಮಚ ಮೆಣಸಿನ ಪುಡಿ ಸೇರಿಸಿ. ಟೊಮೆಟೊ ಕರಗಿದ ಮೇಲೆ ಮೀನನ್ನು ಹಾಕಿ ಮೆಲ್ಲನೆ ತಿರುವಿ. ಡಬ್ಬಿಯಲ್ಲಿರುವ ಮೀನು ಮೊದಲೇ ಬೆಂದಿರುತ್ತದೆ. ಐದು ನಿಮಿಷಕ್ಕಿಂತ ಹೆಚ್ಚು ಕುದಿಸಿದರೆ ಪುಡಿಯಾಗುತ್ತದೆ. ಬೂತಾಯಿಯಂಥ ಸಣ್ಣ ಮೀನಾದರೆ ಮುಳ್ಳು ಮೆತ್ತಗಾಗಿರುತ್ತದೆ, ಹಾಗೆಯೇ ತಿನ್ನಬಹುದು. ಉಪ್ಪು ಅದರಲ್ಲಿಯೇ ಇರುತ್ತದೆ, ಆದ್ದರಿಂದ ರುಚಿ ನೋಡದೆ ಉಪ್ಪು ಹಾಕಬೇಡಿ. ಕೊನೆಗೆ ಒಂದು ಹಿಡಿ ಕಾಯಿತುರಿ, ಅರ್ಧ ಲಿಂಬೆಯ ರಸ. ಒಂದು ಎಚ್ಚರಿಕೆ: ಉಬ್ಬಿದ ಅಥವಾ ಸೋರುವ ಡಬ್ಬಿಯನ್ನು ಎಸೆದುಬಿಡಿ. ಉಳಿದ ಮೀನನ್ನು ಡಬ್ಬಿಯಲ್ಲೇ ಬಿಡದೆ ಬೇರೆ ಪಾತ್ರೆಗೆ ಹಾಕಿ ಫ್ರಿಜ್ಜಿನಲ್ಲಿಡಿ.

ಅಂದು ಏಳೂವರೆಗೆಲ್ಲ ಊಟ ಸಿದ್ಧವಾಗಿತ್ತು. ನಾನೂ ತಟ್ಟೆ ಹಿಡಿದು ಕುಳಿತಾಗ ಮಗಳು ಅಚ್ಚರಿಯಿಂದ ಕೇಳಿದಳು: “ಪಪ್ಪಾ, ನೀವೂ ನಮ್ಮ ಜೊತೆಗೇ ಉಣ್ಣುತ್ತೀರಾ?” ಸ್ವಲ್ಪ ಹೊತ್ತಿನ ಮೇಲೆ ಅವಳೇ ಹೇಳಿದಳು: “ಅಮ್ಮನೂ ಹೀಗೆ ನಮ್ಮ ಜೊತೆ ಕೂತಿದ್ದರೆ ಎಷ್ಟು ಚೆನ್ನಾಗಿತ್ತು.”

ತುತ್ತು ಗಂಟಲಲ್ಲೇ ನಿಂತಿತು. ಆಕೆ ಕೂರದಂತೆ ಮಾಡಿದವನು ನಾನಲ್ಲವೇ?

ಓದುಗರೇ, ಇಲ್ಲಿರುವ ಪ್ರಶ್ನೆ ಅಡುಗೆಯದ್ದಲ್ಲ. ಪ್ರೀತಿಯನ್ನು ಶ್ರಮದಿಂದ ಅಳೆಯಬಹುದೇ ಎಂಬುದು ಪ್ರಶ್ನೆ. ಪ್ರೀತಿಯಿರುವಲ್ಲಿ ಶ್ರಮವಿರುತ್ತದೆ, ನಿಜ. ತಾನಾಗಿಯೇ ಸಂತೋಷದಿಂದ ಪಟ್ಟ ಶ್ರಮ ಒಂದು ಕಾಣಿಕೆ. ಆದರೆ ಅಳೆಯುವವನು ಒಬ್ಬ, ದುಡಿಯುವವಳು ಇನ್ನೊಬ್ಬಳು ಎಂದಾದಾಗ ಆ ಕಾಣಿಕೆ ಕಂದಾಯವಾಗುತ್ತದೆ. ಕುಳಿತು ಉಣ್ಣುವವನಿಗೆ ಅಡುಗೆಯ ಶ್ರಮವನ್ನು ತೂಗಿ ನೋಡುವ ಅಧಿಕಾರವನ್ನು ಕೊಟ್ಟವರು ಯಾರು?

ಕೆಡದಂತೆ ಇಟ್ಟ ಮೀನು ಸೋಮಾರಿತನದ ಗುರುತೂ ಅಲ್ಲ. ನಮ್ಮ ಅಜ್ಜಿಯಂದಿರು ಮಳೆಗೆ ಮುಂಚೆ ಮೀನಿಗೆ ಉಪ್ಪು ಬೆರೆಸಿ ಬಿಸಿಲಿಗೆ ಹರಡಿದ್ದು, ಒಣ ಸೀಗಡಿ ಚಟ್ನಿ ಮಾಡಿದ್ದು ಅಗತ್ಯಕ್ಕಾಗಿ. ಫ್ರಾನ್ಸಿನ ಮಿಠಾಯಿಗಾರ ನಿಕೊಲಾ ಅಪೇರ್, ಆಹಾರವನ್ನು ಗಾಜಿನ ಶೀಶೆಯಲ್ಲಿ ಭದ್ರವಾಗಿ ಮುಚ್ಚಿ ಬಿಸಿನೀರಿನಲ್ಲಿ ಕಾಯಿಸಿ ಉಳಿಸುವ ವಿಧಾನವನ್ನು 1810ರಲ್ಲಿ ಪ್ರಕಟಿಸಿದನು. ಅದೇ ವರ್ಷ ಇಂಗ್ಲೆಂಡಿನಲ್ಲಿ ತವರದ ಡಬ್ಬಿಗೆ ಹಕ್ಕುಪತ್ರ ಸಿಕ್ಕಿತು. ಗಲಿಲೇಯ ಸರೋವರದ ದಡದಲ್ಲಿದ್ದ ಮಗ್ದಲ ಊರನ್ನೇ ಗ್ರೀಕರು ತಾರಿಖೇಯ ಎಂದು ಕರೆದರೆಂದು ಅನೇಕ ವಿದ್ವಾಂಸರು ಹೇಳುತ್ತಾರೆ. ಆ ಹೆಸರು ಬಂದದ್ದು ಅಲ್ಲಿ ಮೀನಿಗೆ ಉಪ್ಪು ಹಾಕಿ ಇಡುತ್ತಿದ್ದುದರಿಂದ.

ಸಂತ ಯೊವಾನ್ನರ ಶುಭಸಂದೇಶದ ಆರನೆಯ ಅಧ್ಯಾಯದ ಹುಡುಗ ನಿಮಗೆ ನೆನಪಿರಬಹುದು. ಅವನಲ್ಲಿ ಇದ್ದದ್ದು ಐದು ಜವೆಗೋಧಿ ರೊಟ್ಟಿ, ಎರಡು ಮೀನು. ಇಲ್ಲಿ ಮೀನಿಗೆ ಬಳಸಿರುವ ಗ್ರೀಕ್ ಪದ ಒಪ್ಸಾರಿಯೊನ್. ಅಂದರೆ ರೊಟ್ಟಿಯ ಜೊತೆ ನಂಜಿಕೊಳ್ಳುವಂಥದ್ದು. ಅದು ಉಪ್ಪು ಹಾಕಿ ಇಟ್ಟ ಸಣ್ಣ ಮೀನೇ ಆಗಿದ್ದಿರಬಹುದು. ಯಾವುದೋ ತಾಯಿ ಬೆಳಗಿನ ಗಡಿಬಿಡಿಯಲ್ಲಿ ಕಟ್ಟಿಕೊಟ್ಟ ಬುತ್ತಿ ಎಂದು ನನಗೆ ಅನಿಸುತ್ತದೆ. ಯೇಸುಸ್ವಾಮಿ ಅದು ಸಾಲದೆಂದು ಹೇಳಲಿಲ್ಲ. ಕೈಗೆತ್ತಿಕೊಂಡು ದೇವರಿಗೆ ಕೃತಜ್ಞತೆ ಸಲ್ಲಿಸಿ ಹಂಚಿದರು. ಪುನರುತ್ಥಾನದ ಬಳಿಕ ತಿಬೇರಿಯ ಸರೋವರದ ದಡದಲ್ಲಿ ಕೆಂಡದ ಮೇಲೆ ಅವರು ಇಟ್ಟಿದ್ದ ಮೀನಿಗೂ ಅದೇ ಪದ. ರಾತ್ರಿಯಿಡೀ ದುಡಿದು ಬಂದ ಶಿಷ್ಯರಿಗೆ ಅವರು ಹಬ್ಬದೂಟ ಬಡಿಸಲಿಲ್ಲ. ರೊಟ್ಟಿ, ಮೀನು ಮತ್ತು ಬನ್ನಿರೆಂಬ ಕರೆ, ಇಷ್ಟೇ.

ಮಾರ್ತಳ ಮನೆಯಲ್ಲಿಯೂ ಗಮನಿಸಿ. ಆಕೆಯ ಸೇವೆಯನ್ನು ಸ್ವಾಮಿ ತಳ್ಳಿಹಾಕಲಿಲ್ಲ. ಹಲವು ಕೆಲಸಗಳ ನಡುವೆ ಆಕೆ ಪಡುತ್ತಿದ್ದ ಕಳವಳವನ್ನು ಕಂಡರು. ಅತಿಥಿಯಾಗಿ ಬಂದವರು ಬಡಿಸುವವಳ ಮುಖ ನೋಡಿದರು. ನಾನು ತಟ್ಟೆಯನ್ನು ಮಾತ್ರ ನೋಡಿದ್ದೆ.

ಹಾಗಾದರೆ ಸುಲಭವಾದದ್ದೆಲ್ಲ ಒಳ್ಳೆಯದೇ? ಅಲ್ಲ. ಡಬ್ಬಿ ಒಡೆದು ತಟ್ಟೆಗೆ ಹಾಕಿ, ಒಬ್ಬೊಬ್ಬರು ಒಂದೊಂದು ಮೂಲೆಯಲ್ಲಿ ಮೊಬೈಲು ಹಿಡಿದು ಉಂಡರೆ ಉಳಿದ ಸಮಯ ಯಾರಿಗೂ ದಕ್ಕಲಿಲ್ಲ. ರಕ್ತದೊತ್ತಡವಿರುವ ಅಜ್ಜನಿಗೆ ದಿನವೂ ಉಪ್ಪಿನ ಮೀನು ಕೊಡುವುದೂ ಉದಾಸೀನವೇ. ಉಳಿದ ಅರ್ಧ ಗಂಟೆ ಯಾರ ಪಾಲಿಗೆ ಹೋಯಿತು ಎಂದು ಕೇಳಿಕೊಳ್ಳಿ. ಮಗುವಿನ ಮಾತಿಗೆ, ದಣಿದವಳ ವಿಶ್ರಾಂತಿಗೆ, ಎಲ್ಲರೂ ಕೂಡಿ ಹೇಳುವ ಜಪಸರಕ್ಕೆ ಹೋಗಿದ್ದರೆ ಆ ಊಟದಲ್ಲಿ ಕೊರತೆಯಿಲ್ಲ.

ಹತ್ತು ದಿನಗಳ ಬಳಿಕ ಪತ್ನಿ ಹಿಂದಿರುಗಿದ ಸಂಜೆ ಅಡುಗೆ ನನ್ನದೇ ಆಗಿತ್ತು, ಡಬ್ಬಿ ಮೀನಿನದೇ. ಹಿಂದೆ ಆಡಿದ ಮಾತಿಗಾಗಿ ಮಕ್ಕಳ ಎದುರಿನಲ್ಲೇ ಕ್ಷಮೆ ಕೇಳಿದೆ. ಆಕೆ ಒಂದು ತುತ್ತು ಉಂಡು ಹೇಳಿದಳು: “ಉಪ್ಪು ಸ್ವಲ್ಪ ಹೆಚ್ಚಾಗಿದೆ.” ಮತ್ತೆ ಇನ್ನಷ್ಟು ಅನ್ನ ಹಾಕಿಸಿಕೊಂಡಳು. ಅಂದು ನಾವು ನಾಲ್ವರೂ ಒಟ್ಟಿಗೆ ಉಂಡೆವು, ಒಟ್ಟಿಗೆ ಎದ್ದೆವು.

ನಿಮ್ಮ ಮನೆಯ ಕಪಾಟಿನಲ್ಲಿಯೂ ಒಂದು ಡಬ್ಬಿ ಇರಲಿ. ಅದನ್ನು ತೆರೆದು ಒಗ್ಗರಣೆ ಹಾಕಲು ಮನೆಯ ಗಂಡಸರೂ ಮಕ್ಕಳೂ ಕಲಿಯಲಿ. ಬಡಿಸಿದವರ ಮುಖವನ್ನು ಮೊದಲು ನೋಡಿ, ತಟ್ಟೆಯನ್ನು ಆಮೇಲೆ.