ಕಂಪನಿ ಹೋಯಿತು, ಕಂತು ಹೋಗಲಿಲ್ಲ

ಹೊಸ ಉದ್ಯಮ ಹುಟ್ಟಿದಾಗ ಎಲ್ಲರಿಗೂ ಜಾಗ ಇದ್ದಂತೆ ಕಾಣುತ್ತದೆ. 2008ರಲ್ಲಿ ದೇವನಹಳ್ಳಿಯಲ್ಲಿ ವಿಮಾನ ನಿಲ್ದಾಣ ತೆರೆದಾಗ ಅಲ್ಲಿಗೆ ಹೋಗುವ ಹೆಬ್ಬಾಳದ ರಸ್ತೆಯೂ ಟ್ಯಾಕ್ಸಿಯವರಿಗೆ ಹಾಗೇ ಕಂಡಿತ್ತು.

*

ಟ್ಯಾಕ್ಸಿಫಾರ್‌ಶೂರ್ 2011ರಲ್ಲಿ ಬೆಂಗಳೂರಿನಲ್ಲೇ ಹುಟ್ಟಿದ ಟ್ಯಾಕ್ಸಿ ಬುಕಿಂಗ್ ಕಂಪನಿ. 2015ರಲ್ಲಿ ಪ್ರತಿಸ್ಪರ್ಧಿ ಓಲಾ ಅದನ್ನು ಸುಮಾರು 20 ಕೋಟಿ ಡಾಲರಿಗೆ ಕೊಂಡಿತು, ಮರುವರ್ಷ ಮುಚ್ಚಿತು. ಇಷ್ಟು ದುಡ್ಡು ಸುರಿದು ಅಂಗಡಿ ಕೊಂಡು ಬೀಗ ಹಾಕಿದವನನ್ನು ದಡ್ಡ ಅನ್ನಬೇಡಿ. ಅವನು ಕೊಂಡದ್ದು ಬೀದಿಯನ್ನು.

*

ಇಲ್ಲಿ ಗೆಲ್ಲಲು ಲಾಭ ಮಾಡಬೇಕಿಲ್ಲ. ಪಕ್ಕದವನಿಗಿಂತ ಒಂದು ವರ್ಷ ಹೆಚ್ಚು ನಷ್ಟ ತಡೆದುಕೊಂಡರೆ ಸಾಕು.

*

ಆರ್.ಟಿ. ನಗರದಿಂದ ಯಲಹಂಕಕ್ಕೆ ಆಟೊಗಿಂತ ಅಗ್ಗವಾಗಿ ಎ.ಸಿ. ಕಾರಿನಲ್ಲಿ ಹೋಗಿ ಇಳಿದ ದಿನಗಳಲ್ಲಿ ನಾವೆಲ್ಲ ಬಲು ಜಾಣರು. ಮಿಕ್ಕ ಬಾಡಿಗೆ ಹೂಡಿಕೆದಾರರ ಜೇಬಿನಿಂದ ಹೋಗುತ್ತಿತ್ತು. ಜಪಾನಿನ ಸಾಫ್ಟ್‌ಬ್ಯಾಂಕ್ 2014ರಲ್ಲಿ ಓಲಾದಲ್ಲಿ ದುಡ್ಡು ಹಾಕಿತು, 2018ರಲ್ಲಿ ಅದರ ಎದುರಾಳಿ ಉಬರ್‌ನಲ್ಲೂ ಹಾಕಿತು. ಎರಡು ಕುದುರೆಯ ಮೇಲೂ ಬಾಜಿ ಕಟ್ಟಿದವನಿಗೆ ಯಾವುದು ಗೆದ್ದರೇನು?

*

ಬಿದ್ದವರನ್ನು ಎಣಿಸುವಾಗ ನಾವು ಕಂಪನಿಗಳನ್ನಷ್ಟೇ ಎಣಿಸುತ್ತೇವೆ. ಕಂಪನಿಯ ಇನ್ಸೆಂಟಿವ್ ನಂಬಿ, ಸಾಲ ಮಾಡಿ ಗಾಡಿ ತೆಗೆದು ಅದಕ್ಕೆ ಅಟ್ಯಾಚ್ ಮಾಡಿಸಿದವನ ಹೆಸರು ಆ ಪಟ್ಟಿಯಲ್ಲಿ ಇರುವುದಿಲ್ಲ. ಪೈಪೋಟಿ ಕರಗಿದಂತೆ ಇನ್ಸೆಂಟಿವ್ ಕೂಡ ಕರಗಿತು. ಬ್ಯಾಂಕಿನ ಕಂತು ಮಾತ್ರ ತಿಂಗಳು ತಿಂಗಳೂ ನಿಯತ್ತಾಗಿ ಬಂತು. 2017ರ ಫೆಬ್ರುವರಿಯಲ್ಲಿ ಬೆಂಗಳೂರಿನ ಓಲಾ, ಉಬರ್ ಚಾಲಕರು ಗಾಡಿ ನಿಲ್ಲಿಸಿ ಮುಷ್ಕರ ಹೂಡಿದ್ದು ಇದಕ್ಕೇ. ಹೆಬ್ಬಾಳ ಫ್ಲೈಓವರ್ ಹತ್ತುವ ಮುಂಚೆ ಚಾಲಕನೊಬ್ಬ ಡ್ಯಾಶ್‌ಬೋರ್ಡಿನ ಮೂರು ಫೋನುಗಳಲ್ಲಿ ಎರಡನ್ನು ಮಗುಚಿಟ್ಟು ಹೇಳಿದ: “ಏರ್‌ಪೋರ್ಟ್ ಡ್ಯೂಟಿ ಬಿದ್ರೆ ಖುಷಿನೇ ಸಾರ್. ವಾಪಸ್ ಖಾಲಿ ಬಂದ್ರೆ ಡೀಸೆಲ್ ಯಾರು ಹಾಕ್ತಾರೆ?”

*

ಕಂಪನಿಗಳು ಕಡಿಮೆಯಾದಂತೆ ಆ ಪ್ರಶ್ನೆ ಕೇಳಬಹುದಾದ ಬಾಗಿಲುಗಳೂ ಕಡಿಮೆಯಾದವು.

*

ಇನ್ನು ಓಲಾ, ಉಬರ್ ಇಬ್ಬರೇ ಎಂದು ಊರೆಲ್ಲ ಒಪ್ಪಿಕೊಂಡ ಮೇಲೆ, 2022ರಲ್ಲಿ, ಆಟೊ ಚಾಲಕರ ಸಂಘ ಮತ್ತು ಪಾವತಿ ತಂತ್ರಜ್ಞಾನದ ಕಂಪನಿ ಜಸ್‌ಪೇ ಕೂಡಿ ‘ನಮ್ಮ ಯಾತ್ರಿ’ ಆ್ಯಪ್ ತಂದವು. ಚಾಲಕರಿಂದ ಕಮಿಷನ್ ಇಲ್ಲ, ಮರುವರ್ಷ ದಿನಕ್ಕೆ 25 ರೂಪಾಯಿ ಚಂದಾ ಬಂತು. ಆಮೇಲೆ ಓಲಾ, ಉಬರ್, ರ‍್ಯಾಪಿಡೊ ಕೂಡ ಆಟೊಗಳಿಗೆ ಚಂದಾ ಲೆಕ್ಕಕ್ಕೇ ಬಂದವು. ಆ್ಯಪ್ ಕಟ್ಟುವುದು ದೊಡ್ಡ ಮಾತಲ್ಲ, ಚಾಲಕರನ್ನು ಕೂಡಿಸುವುದು ದೊಡ್ಡದು. ಕೋಟಿಗಟ್ಟಲೆ ಖರ್ಚಾದದ್ದು ಅದಕ್ಕೂ. ಸಂಘ ಅವರನ್ನು ಮೊದಲೇ ಕೂಡಿಸಿಟ್ಟಿತ್ತು.

*

ಹಾಗಂತ ಪ್ರಯಾಣಿಕ ಗೆದ್ದನೆಂದು ಹಿಗ್ಗುವುದೂ ಬೇಡ. ಮಳೆ ಹಿಡಿದ ಸಂಜೆ ಯಶವಂತಪುರ ಸ್ಟೇಷನ್ ಮುಂದೆ ನಿಂತು ಯಾವ ಆ್ಯಪನ್ನಾದರೂ ತೆರೆಯಿರಿ: ಬರುವುದು ಅದೇ ಆಟೊ, ಅದೇ ಅಣ್ಣ, ಮೇಲೆ ಐವತ್ತು ಕೊಟ್ಟರೆ.