ಬೈಸಿಕಲ್ ಪಂದ್ಯಗಾರರ ಸೈರಣೆ



ಪೂರ್ವಕಾಲದಲ್ಲಿ ಕೊರಿಂಥ ಪಟ್ಟಣದ ಸಮೀಪ ಎರಡು ವರುಷಕ್ಕೊಮ್ಮೆ ಪಂದ್ಯಗಳು ನಡೆಯುತ್ತಿದ್ದವು. ಅಪೊಸ್ತಲನಾದ ಪೌಲನು ಆ ಊರಿನ ಸಭೆಗೆ ಪತ್ರ ಬರೆಯುವಾಗ ಓಟಗಾರರ ದೃಷ್ಟಾಂತವನ್ನೇ ತೆಗೆದುಕೊಂಡನು. ಆಟಗಾರರ ದೇಹಶ್ರಮೆಯಿಂದಲೂ ಕಲಿಯತಕ್ಕದ್ದು ಉಂಟೆಂದು ಅವನು ಎಣಿಸಿದ್ದರಿಂದ, ನಾವೂ ಈ ಸಾರಿ ಬೈಸಿಕಲ್ ಪಂದ್ಯಗಾರರನ್ನು ಕುರಿತು ನಾಲ್ಕು ಮಾತು ಬರೆಯುತ್ತೇವೆ.

ಹಿಂದೆ ಮೂಟೆ ಕಟ್ಟಿಕೊಂಡು ಏರುದಾರಿಯಲ್ಲಿ ತುಳಿದವರಿಗೆ ತೊಡೆಯ ಉರಿ ಎಂಥದೆಂಬದು ಗೊತ್ತು. ನಾವಾದರೋ ಅಂಥಲ್ಲಿ ಇಳಿದು ತಳ್ಳಿಕೊಂಡು ಹೋಗುತ್ತೇವೆ. ಫ್ರಾನ್ಸ್ ದೇಶದಲ್ಲಿ 1903ರಲ್ಲಿ ಆರಂಭವಾದ ಟೂರ್ ದ ಫ್ರಾನ್ಸ್ ಎಂಬ ಮಹಾಪಂದ್ಯದಲ್ಲಿ ಹಾಗೆ ಇಳಿದವನು ಹಿಂದೆ ಬೀಳುವನು. ಈಗ ಅದು ಮೂರು ವಾರಗಳೊಳಗೆ 21 ದಿನಗಳ ಸವಾರಿ. ದೂರವು ಸುಮಾರು 3,400 ಕಿಲೊಮೀಟರ್. ನಡುವೆ ಆಲ್ಪ್ಸ್, ಪಿರನೀಸ್ ಎಂಬ ದೊಡ್ಡ ಬೆಟ್ಟಗಳು.

ಈ ಸವಾರರಿಗೆ ನೋವೇ ತಿಳಿಯದೋ? ಹಾಗಲ್ಲ. ಆಟಗಾರರನ್ನು ಪರೀಕ್ಷಿಸಿದ ಪಂಡಿತರು ಹೇಳುವದೇನಂದರೆ, ನೋವು ಆರಂಭವಾಗುವ ಗಡಿಯಲ್ಲಿ ಅವರಿಗೂ ಬೇರೆಯವರಿಗೂ ಹೆಚ್ಚು ಭೇದವಿಲ್ಲ. ಆರಂಭವಾದ ಮೇಲೆ ಅದನ್ನು ತಾಳುವದರಲ್ಲಿಯೇ ಭೇದವಿದೆ. ಬೆಲ್ಜಿಯಮಿನ ಎಡ್ಡಿ ಮೆರ್ಕ್ಸ್ ಎಂಬವನು 1972ರಲ್ಲಿ ಮೆಕ್ಸಿಕೊ ನಗರದಲ್ಲಿ ಒಂದೇ ಗಂಟೆಯಲ್ಲಿ 49.431 ಕಿಲೊಮೀಟರ್ ತುಳಿದನು. ಅವನಷ್ಟು ಪಂದ್ಯಗಳನ್ನು ಗೆದ್ದವರು ಇಲ್ಲ. ಆದರೂ ಆ ಒಂದು ಗಂಟೆಯಷ್ಟು ಕಠಿಣವಾದದ್ದನ್ನು ತಾನು ಎಂದೂ ಮಾಡಿಲ್ಲವೆಂದು ಅವನೇ ಒಪ್ಪಿಕೊಂಡನು.

ಹಾಗಾದರೆ ಅವರು ತಾಳುವದು ಹೇಗೆ? ಬೆಟ್ಟವನ್ನೆಲ್ಲಾ ಒಂದೇ ಸಾರಿ ಏರಬೇಕೆಂದು ಎಣಿಸದೆ, ಮುಂದಿನ ತಿರುವಿನ ವರೆಗೆ ಮಾತ್ರ ಎಂದು ಎಣಿಸುವರು. ಅದು ಮುಗಿದ ಮೇಲೆ ಇನ್ನೊಂದು ತಿರುವು. ಅಲ್ಲದೆ ತಮ್ಮ ಸಂಗಡ ತಾವೇ ಮಾತಾಡಿಕೊಳ್ಳುವರು. ಜರ್ಮನಿಯ ಯೆನ್ಸ್ ಫೋಯ್ಗ್ಟ್ ಎಂಬವನು ಸುಮ್ಮನಿರಿರೆಂದು ತನ್ನ ಕಾಲುಗಳನ್ನೇ ಗದರಿಸುವದರಲ್ಲಿ ಹೆಸರಾದವನು. ಇದು ನಗೆಯ ಮಾತಾಗಿ ಕಂಡೀತು. ಆದರೆ 2014ರಲ್ಲಿ ಪ್ರಕಟವಾದ ಒಂದು ಪರೀಕ್ಷೆಯಲ್ಲಿ, ತಮಗೆ ತಾವೇ ಧೈರ್ಯ ಹೇಳಿಕೊಳ್ಳುವದನ್ನು ಎರಡು ವಾರ ಅಭ್ಯಾಸ ಮಾಡಿದವರು ಮೊದಲಿಗಿಂತ ನೂರಕ್ಕೆ 18ರಷ್ಟು ಹೆಚ್ಚು ಹೊತ್ತು ತುಳಿದರು. ಕೀರ್ತನೆಗಾರನು ತನ್ನ ಪ್ರಾಣದ ಸಂಗಡ ಮಾತಾಡಿದ್ದನ್ನು 42ನೆಯ ಕೀರ್ತನೆಯಲ್ಲಿ ಓದಿದವರಿಗೆ ಇದು ಹೊಸದಲ್ಲ.

ಇನ್ನೊಂದು ಸಂಗತಿ ಇದಕ್ಕಿಂತ ಮುಖ್ಯವಾದದ್ದು. ನುರಿತ ಸವಾರನು ನೋವನ್ನು ಮರೆಯುವದಿಲ್ಲ, ಅದನ್ನು ಕೇಳಿಸಿಕೊಳ್ಳುತ್ತಾನೆ. ಉಸಿರು ಹೇಗಿದೆ, ಬೆನ್ನು ಹೇಗಿದೆ ಎಂದು ವಿಚಾರಿಸುತ್ತಾ ಹೋಗುತ್ತಾನೆ. ತುಳಿಯುವದನ್ನು ನಿಲ್ಲಿಸಿದರೆ ಇಳಿಯುವ ಉರಿ ಒಂದು. ನಿಲ್ಲಿಸಿದರೂ ಬಿಡದ ನೋವು ಇನ್ನೊಂದು. ಮೊದಲನೆಯದು ಕೆಲಸದ ಕೂಲಿ, ಎರಡನೆಯದು ಎಚ್ಚರಿಕೆಯ ಗಂಟೆ.

ಆದರೂ ಆ ಗಂಟೆಯನ್ನು ಕೇಳಿಯೂ ನಿಲ್ಲದವರುಂಟು. 1956ರಲ್ಲಿ ಇಟಲಿಯ ಮಹಾಪಂದ್ಯದಲ್ಲಿ ಫಿಯೊರೆಂಜೊ ಮಾನ್ಯಿ ಎಂಬ 35 ವರುಷದ ಸವಾರನು ಬಿದ್ದು ಹೆಗಲ ಮುಂದಿನ ಎಲುಬನ್ನು ಮುರಿದುಕೊಂಡನು. ಹ್ಯಾಂಡಲನ್ನು ಎಳೆಯಲು ಆ ಕೈಗೆ ಬಲವಿಲ್ಲದೆ ಹೋದದ್ದರಿಂದ, ಅದಕ್ಕೊಂದು ಟ್ಯೂಬನ್ನು ಕಟ್ಟಿಸಿ ಅದರ ತುದಿಯನ್ನು ಹಲ್ಲಿನಿಂದ ಕಚ್ಚಿ ಎಳೆಯುತ್ತಾ ಏರಿದನು. ಮತ್ತೊಮ್ಮೆ ಬಿದ್ದು ತೋಳಿನ ಎಲುಬೂ ಮುರಿಯಿತು. ಹಿಮ ಸುರಿಯುತ್ತಿದ್ದ ಬೊಂಡೊನೆ ಬೆಟ್ಟದಲ್ಲಿ ಆರೋಗ್ಯವಂತರೇ ಬಹುಮಂದಿ ಪಂದ್ಯವನ್ನು ಬಿಟ್ಟರು. ಇವನು ಬಿಡಲಿಲ್ಲ, ಎರಡನೆಯವನಾಗಿ ಮುಗಿಸಿದನು. ಇದನ್ನು ಓದುವಾಗ ನಮಗೆ ಆಶ್ಚರ್ಯವಾಗುವದು. ಆದರೆ ನಮ್ಮ ಮಗನು ಹಾಗೆ ಮಾಡಲಿ ಎಂದು ನಾವು ಬಯಸುವದಿಲ್ಲ.

ಯಾಕಂದರೆ ಇನ್ನೊಂದು ಬೆಟ್ಟದ ಸಂಗತಿಯೂ ನಮಗೆ ಗೊತ್ತು. 1967ನೇ ಜುಲೈ 13ರಂದು ಟಾಮ್ ಸಿಂಪ್ಸನ್ ಎಂಬ 29 ವರುಷದ ಆಂಗ್ಲೇಯನು ಫ್ರಾನ್ಸಿನ ಮೋಂ ವಾಂಟು ಬೆಟ್ಟವನ್ನು ಏರುತ್ತಿದ್ದನು. ಬಿಸಿಲು ಸುಡುತ್ತಿತ್ತು, ಕುಡಿಯುವ ನೀರಿಗೂ ಆ ಕಾಲದಲ್ಲಿ ಮಿತಿಯಿತ್ತು. ಶಿಖರವು ಇನ್ನೇನು ಹತ್ತಿರವೆನ್ನುವಾಗ ಅವನು ತೂರಾಡಿ ಬಿದ್ದನು. ಅವನ ಇಷ್ಟದಂತೆ ಜನರು ಅವನನ್ನು ಮತ್ತೆ ಬೈಸಿಕಲ್ಲಿನ ಮೇಲೆ ಕೂರಿಸಿದರು. ಸ್ವಲ್ಪ ದೂರದಲ್ಲಿ ಪುನಃ ಬಿದ್ದವನು ಏಳಲಿಲ್ಲ. ಅವನ ಅಂಗಿಯ ಜೇಬಿನಲ್ಲಿ ಗುಳಿಗೆಗಳು ಸಿಕ್ಕಿದವು. ರಕ್ತದಲ್ಲಿ ಆಂಫೆಟಮೈನ್ ಎಂಬ ಉದ್ರೇಕದ ಔಷಧವೂ ಮದ್ಯವೂ ಇದ್ದವು. ದೇಹವು ಸಾಕೆಂದು ಕೂಗುವದನ್ನು ಆ ಔಷಧವು ಮುಚ್ಚಿಬಿಟ್ಟಿತ್ತು. ನೋವನ್ನು ಮುಚ್ಚುವ ಆಶೆ ಅಲ್ಲಿಗೆ ನಿಲ್ಲಲಿಲ್ಲ. ಟ್ರಮಡಾಲ್ ಎಂಬ ನೋವಿನ ಮದ್ದನ್ನು ಬೈಸಿಕಲ್ ಪಂದ್ಯಗಳಲ್ಲಿ 2019ರಿಂದ ನಿಷೇಧಿಸಬೇಕಾಯಿತು.

ಇದನ್ನು ಬರೆಯುವಾಗ ನಮ್ಮ ಮನಸ್ಸು ನಮ್ಮನ್ನೇ ಚುಚ್ಚುವದು. ಒಮ್ಮೆ ನಾವು ಹಾಸಿಗೆ ಹಿಡಿದ ಒಬ್ಬ ತಾಯಿಯ ಬಳಿಯಲ್ಲಿ ಕೂತು ಸೈರಣೆಯನ್ನು ಕುರಿತು ಬಹಳ ಹೊತ್ತು ಮಾತಾಡಿದೆವು. ಆಕೆ ತಲೆದೂಗಿದಳು. ಎಲ್ಲಿ ನೋಯುತ್ತದಮ್ಮಾ, ಎಂದಿನಿಂದ ನೋಯುತ್ತದೆ ಎಂದು ನಾವು ಕೇಳಲಿಲ್ಲ. ಅಯ್ಯನವರೇ ತಾಳಿಕೊಳ್ಳೆಂದ ಮೇಲೆ ಆಕೆಯೂ ಹೇಳಲಿಲ್ಲ. ಮನೆಯವರು ಆಸ್ಪತ್ರೆಗೆ ಕರೆದುಕೊಂಡು ಹೋದಾಗ ಹೊತ್ತು ಮೀರಿತ್ತು. ಪಂದ್ಯದ ಸವಾರನು ತನ್ನ ನೋವನ್ನು ತಾನೇ ಆರಿಸಿಕೊಂಡವನು, ಅವನ ಹಿಂದೆ ವೈದ್ಯರ ಮೋಟಾರು ಬರುತ್ತಿರುವದು, ಬೇಡವೆನಿಸಿದರೆ ಇಳಿಯಬಹುದು. ಆ ತಾಯಿಗೆ ಈ ಮೂರರಲ್ಲಿ ಯಾವದಿತ್ತು?

2013ರ ಫ್ರಾನ್ಸಿನ ಪಂದ್ಯದಲ್ಲಿ ವೇಲ್ಸ್ ನಾಡಿನ ಗೆರೈಂಟ್ ಥಾಮಸನು ಮೊದಲನೆಯ ದಿನವೇ ಬಿದ್ದು ಸೊಂಟದ ಎಲುಬಿನಲ್ಲಿ ಬಿರುಕು ಮಾಡಿಕೊಂಡನು. ಬೈಸಿಕಲ್ ಏರುವದಕ್ಕೂ ಬೇರೆಯವರ ಕೈ ಬೇಕಾಯಿತು. ಅವನು 140ನೆಯವನಾಗಿ ಮುಗಿಸಿದನು. ಐದು ವರುಷಗಳ ಮೇಲೆ, 2018ರಲ್ಲಿ, ಅದೇ ಪಂದ್ಯವನ್ನು ಗೆದ್ದನು. ಗೆದ್ದವನ ಹೆಸರು ಎಲ್ಲರ ಬಾಯಲ್ಲಿದೆ. ನಮಗೆ ಆ ವರುಷದ ಕಡೆಯವನೇ ಹೆಚ್ಚು ನೆನಪಿಗೆ ಬರುತ್ತಾನೆ. ಅವನು ಅಮೆರಿಕದ ಲಾಸನ್ ಕ್ರ್ಯಾಡಕ್. ಮೊದಲನೆಯ ದಿನದಲ್ಲಿ ಬಿದ್ದು ಅವನ ಹುಬ್ಬು ಒಡೆಯಿತು, ಹೆಗಲ ಹಲಗೆಯ ಎಲುಬು ಮುರಿಯಿತು. ಅವನು ಬಾಲ್ಯದಲ್ಲಿ ತುಳಿಯಲು ಕಲಿತ ಹ್ಯೂಸ್ಟನ್ ನಗರದ ಪಂದ್ಯದ ಅಂಗಳವು 2017ರ ಬಿರುಗಾಳಿ ಮಳೆಯಲ್ಲಿ ಹಾಳಾಗಿತ್ತು. ತಾನು ಮುಗಿಸುವ ಒಂದೊಂದು ದಿನಕ್ಕೂ ಅದರ ರಿಪೇರಿಗೆ 100 ಡಾಲರು ಕೊಡುವೆನೆಂದು ಮಾತು ಕೊಟ್ಟನು. ಅದನ್ನು ಕೇಳಿದ ಜನರೂ ಕೊಡತೊಡಗಿದರು. ವೈದ್ಯರು ದಿನದಿನವೂ ನೋಡುತ್ತಿದ್ದರು. ಅವನು ದಿನದಿನವೂ ಕಡೆಯವನಾಗಿಯೇ ಇದ್ದನು. ಗೆದ್ದವನಿಗಿಂತ ಒಟ್ಟು ನಾಲ್ಕೂವರೆ ಗಂಟೆ ಹಿಂದೆ, 145 ಮಂದಿಯಲ್ಲಿ 145ನೆಯವನಾಗಿ ಪ್ಯಾರಿಸ್ ಸೇರಿದನು. ಅಂಗಳಕ್ಕೆ ಕೂಡಿದ ಹಣವು ಎರಡು ಲಕ್ಷ ಡಾಲರನ್ನು ಮೀರಿತ್ತು.