ಗಂಟೆ ಯಾರದು

ತಿಂಗಳಿಗೆ 417 ರೂಪಾಯಿ. 2020ರ ಏಪ್ರಿಲ್‌ನಿಂದ ಕರ್ನಾಟಕದ ಗಾರ್ಮೆಂಟ್ಸ್ ಕಾರ್ಮಿಕರ ಸಂಬಳಕ್ಕೆ ಸೇರಬೇಕಿದ್ದ ತುಟ್ಟಿಭತ್ಯೆ ಇಷ್ಟು. ತಿಂಗಳಿಗೆ 26 ದಿನ, ದಿನಕ್ಕೆ ಎಂಟು ಗಂಟೆ ಎಂದು ಭಾಗಿಸಿದರೆ ಗಂಟೆಗೆ ಎರಡು ರೂಪಾಯಿ. ಕೋವಿಡ್ ಕಾಲದ ಕಷ್ಟ ಹೇಳಿ ಸರ್ಕಾರ ಅದನ್ನು ಒಂದು ವರ್ಷ ಮುಂದೂಡಿತು. ವಿಷಯ ಹೈಕೋರ್ಟ್ ಮೆಟ್ಟಿಲೇರಿತು, ಮುಂದೂಡಿಕೆಗೆ ತಡೆ ಬಿತ್ತು. ಆದರೂ ಅನೇಕ ಕಾರ್ಖಾನೆಗಳ ಹೆಣ್ಣುಮಕ್ಕಳ ಕೈಗೆ ಬಾಕಿ ಹಣ ಬರುವಷ್ಟರಲ್ಲಿ 2022 ಬಂದಿತ್ತು.

ಗಂಟೆಗೆ ಎರಡು ರೂಪಾಯಿಗೆ ಇಷ್ಟೊಂದು ಹಟವೇಕೆ ಎಂದರೆ ಸಿಗುವ ಉತ್ತರ ಬಹಳ ಹಳೆಯದು. ಕೂಲಿ ಏರಿದರೆ ಕೆಲಸ ಕಡಿಮೆಯಾಗುತ್ತದೆ, ಜನರನ್ನು ಬಿಡಿಸಬೇಕಾಗುತ್ತದೆ, ಕೊನೆಗೆ ಪೆಟ್ಟು ಬೀಳುವುದು ಬಡವರಿಗೇ. ಇದು ಮಾಲೀಕರ ನೆಪ ಎಂದು ಪಕ್ಕಕ್ಕೆ ಸರಿಸಿಬಿಡಬಹುದು. ಆದರೆ ಇದರಲ್ಲಿ ಅರ್ಧ ನಿಜವಿದೆ. ಆ ಅರ್ಧವನ್ನು ಬಿಡಿಸಿ ನೋಡದೆ ಕನಿಷ್ಠ ವೇತನದ ಪರ ಮಾತಾಡಿದರೆ, ಯಾರ ಪರ ಮಾತಾಡುತ್ತೇವೋ ಅವರಿಗೇ ಅನ್ಯಾಯವಾಗುತ್ತದೆ.

1992ರಲ್ಲಿ ಅಮೆರಿಕದ ನ್ಯೂಜೆರ್ಸಿ ರಾಜ್ಯ ಗಂಟೆಯ ಕೂಲಿಯನ್ನು 4.25 ಡಾಲರಿನಿಂದ 5.05ಕ್ಕೆ ಏರಿಸಿತು. ಡೇವಿಡ್ ಕಾರ್ಡ್ ಮತ್ತು ಅಲನ್ ಕ್ರೂಗರ್ ಅಲ್ಲಿನ ಫಾಸ್ಟ್‌ಫುಡ್ ಹೋಟೆಲುಗಳನ್ನು ಪಕ್ಕದ ಪೆನ್ಸಿಲ್ವೇನಿಯಾದ ಹೋಟೆಲುಗಳ ಜೊತೆ ಹೋಲಿಸಿ, ಉದ್ಯೋಗ ಕಡಿಮೆಯಾಗಿಲ್ಲ ಎಂದು ತೋರಿಸಿದರು. 2021ರಲ್ಲಿ ಕಾರ್ಡ್ ಅವರಿಗೆ ನೊಬೆಲ್ ಬಂತು. ಆ ಹೊತ್ತಿಗೆ ಕ್ರೂಗರ್ ಇರಲಿಲ್ಲ. ಆ ಅಧ್ಯಯನದ ಕಣ್ಣು ಇದ್ದದ್ದು ಉದ್ಯೋಗದ ಸಂಖ್ಯೆಯ ಮೇಲೆ. ಒಬ್ಬೊಬ್ಬರೂ ದುಡಿದ ಗಂಟೆಗಳು ಸ್ಪಷ್ಟವಾಗಿ ಕಂಡದ್ದು ಎಷ್ಟೋ ವರ್ಷಗಳ ನಂತರ, ಸಿಯಾಟಲ್ ನಗರದಲ್ಲಿ. ಅದಕ್ಕೆ ಕಾರಣ ಸಣ್ಣದು, ಆದರೆ ಯೋಚಿಸಬೇಕಾದದ್ದು: ಪ್ರತಿ ಕೆಲಸಗಾರ ಎಷ್ಟು ಗಂಟೆ ದುಡಿದ ಎಂದು ಮಾಲೀಕರು ಸರ್ಕಾರಕ್ಕೆ ಬರೆದುಕೊಡುವ ಪದ್ಧತಿ ವಾಷಿಂಗ್ಟನ್ ರಾಜ್ಯದಲ್ಲಿತ್ತು. ಅಮೆರಿಕದ ಹೆಚ್ಚಿನ ರಾಜ್ಯಗಳಲ್ಲಿ ಅಂಥ ಲೆಕ್ಕವೇ ಇಲ್ಲ.

ಸಿಯಾಟಲ್‌ನ ಕನಿಷ್ಠ ಕೂಲಿ 2016ರಲ್ಲಿ 13 ಡಾಲರಿನವರೆಗೆ ಏರಿತು. ಮರುವರ್ಷ ವಾಷಿಂಗ್ಟನ್ ವಿಶ್ವವಿದ್ಯಾಲಯದ ಸಂಶೋಧಕರು ಕೊಟ್ಟ ವರದಿ ಎಲ್ಲರನ್ನೂ ಬೆಚ್ಚಿಬೀಳಿಸಿತು. ಕಡಿಮೆ ಸಂಬಳದ ಕೆಲಸಗಳಲ್ಲಿ ಗಂಟೆಯ ಕೂಲಿ ಶೇ 3ರಷ್ಟು ಏರಿ, ದುಡಿದ ಗಂಟೆಗಳು ಸುಮಾರು ಶೇ 9ರಷ್ಟು ಇಳಿದಿದ್ದವು. ಅಂದರೆ ತಿಂಗಳ ಕೊನೆಯಲ್ಲಿ ಕೈಗೆ ಬಂದದ್ದು ಕಡಿಮೆ. ಬರ್ಕ್ಲಿಯ ಸಂಶೋಧಕರು ಅದೇ ನಗರದ ಹೋಟೆಲ್ ಕೆಲಸವನ್ನು ನೋಡಿ, ಅಂಥ ನಷ್ಟ ಕಾಣುವುದಿಲ್ಲ ಎಂದರು. ಮೊದಲ ತಂಡವೇ 2018ರಲ್ಲಿ ಮತ್ತೆ ಕೂತು, ಈಗಾಗಲೇ ಕೆಲಸದಲ್ಲಿದ್ದವರನ್ನು ಬೇರೆಯಾಗಿ ಹಿಂಬಾಲಿಸಿತು. ಚಿತ್ರ ಬದಲಾಯಿತು. ಅನುಭವ ಇದ್ದವರ ಗಳಿಕೆ ಸ್ವಲ್ಪ ಏರಿತ್ತು. ಅದರಲ್ಲಿ ಒಂದು ಪಾಲು ನಗರದ ಹೊರಗೆ ಹೋಗಿ ಹೆಚ್ಚುವರಿ ದುಡಿದು ಗಳಿಸಿದ್ದು. ಹೊಸಬರಿಗೆ ಬಾಗಿಲು ಕಿರಿದಾಗಿತ್ತು.

ಈ ಅಂಕಿಗಳ ಮುಂದೆ ಕೂತಾಗ ನನ್ನನ್ನು ಕಾಡುವುದು ಅವು ಹೇಳಲಾರದ ಒಂದು ಸಂಗತಿ. ಮ್ಯಾನೇಜರ್ "ನಾಳೆ ಬರಬೇಡ" ಎಂದು ಕತ್ತರಿಸಿದ ನಾಲ್ಕು ಗಂಟೆ, ಮತ್ತು ಒಬ್ಬ ತಾಯಿ "ಇಷ್ಟು ದುಡಿದರೆ ನನಗೆ ಸಾಕು, ಸಂಜೆ ಮಗುವಿನ ಜೊತೆ ಇರುತ್ತೇನೆ" ಎಂದು ತಾನೇ ಬಿಟ್ಟ ನಾಲ್ಕು ಗಂಟೆ, ಲೆಕ್ಕದ ಹಾಳೆಯಲ್ಲಿ ಒಂದೇ. ಎರಡಕ್ಕೂ ಅಲ್ಲಿ 'ಇಳಿಕೆ' ಎಂದೇ ಹೆಸರು. ಒಂದು ಹೊಟ್ಟೆಯ ಮೇಲೆ ಬಿದ್ದ ಹೊಡೆತ, ಇನ್ನೊಂದು ಕೂಲಿ ಏರಿಕೆಯ ನಿಜವಾದ ಫಲ. ಗಂಟೆ ಇಳಿಯಿತೇ ಏರಿತೇ ಎನ್ನುವುದಕ್ಕಿಂತ ಮೊದಲು, ಅದನ್ನು ಇಳಿಸಿದವರು ಯಾರು ಎಂದು ಕೇಳಬೇಕು.

ನಮ್ಮ ಕಾರ್ಖಾನೆಗಳಲ್ಲಿ ಗಂಟೆ ಇಳಿಯುವುದೇ ಅಪರೂಪ. ಪೀಣ್ಯದಲ್ಲೋ ಬೊಮ್ಮನಹಳ್ಳಿಯಲ್ಲೋ ಹೊಲಿಯುವ ಅಂಗಿಗೆ ಹಡಗು ಹತ್ತುವ ದಿನಾಂಕ ಮೊದಲೇ ಗೊತ್ತಾಗಿರುತ್ತದೆ. ಹಾಗಾಗಿ ಕೂಲಿ ಏರಿದಾಗ ಇಲ್ಲಿ ಬೇರೆಯೇ ಒಂದು ನಡೆಯುತ್ತದೆ. ಅದೇ ಸೇರಿಗೆ ಒತ್ತಿ ಒತ್ತಿ ತುಂಬಿ ಅಳೆದ ಹಾಗೆ, ಅದೇ ಗಂಟೆಯೊಳಗೆ ಹೆಚ್ಚು ಕೆಲಸ ಹಿಡಿಸಲಾಗುತ್ತದೆ. ಗಾರ್ಮೆಂಟ್ಸ್‌ನಲ್ಲಿ ಇದಕ್ಕೆ 'ಪ್ರೊಡಕ್ಷನ್' ಎನ್ನುತ್ತಾರೆ, 'ಟಾರ್ಗೆಟ್' ಎನ್ನುತ್ತಾರೆ. ಕಾಲರ್ ಕೂರಿಸುವವಳಿಗೆ ಗಂಟೆಗೆ ನೂರು ಪೀಸ್ ಇದ್ದದ್ದು ನೂರಹತ್ತಾಯಿತು ಎಂದಿಟ್ಟುಕೊಳ್ಳಿ. ಸಂಬಳವೂ ಶೇ 10ರಷ್ಟು ಏರಿದೆ. ಕಾನೂನು ಪಾಲನೆಯಾಗಿದೆ, ಸ್ಲಿಪ್ಪಿನಲ್ಲಿ ಹೊಸ ಅಂಕಿ ಬಂದಿದೆ. ಒಂದು ಪೀಸಿಗೆ ಅವಳಿಗೆ ಸಿಗುವುದು ಮಾತ್ರ ಹಿಂದಿನಷ್ಟೇ. ನಡುವೆ ಹೋದದ್ದು ನೀರು ಕುಡಿಯಲು ಏಳುವ ಎರಡು ನಿಮಿಷ, ಶೌಚಕ್ಕೆ ಹೋಗುವ ಐದು ನಿಮಿಷ, ಪಕ್ಕದವಳ ಮಗಳ ಜ್ವರ ಬಿಟ್ಟಿತೇ ಎಂದು ಕೇಳುವಷ್ಟು ಬಿಡುವು. ಟಾರ್ಗೆಟ್ ಮುಟ್ಟಲಿಲ್ಲವೆಂದು ಊಟದ ಹೊತ್ತಿನಲ್ಲಿ ಮೆಷಿನ್ ಮುಂದೆ ಕೂತದ್ದು, ಬೆಲ್ ಹೊಡೆದ ಮೇಲೂ ಉಳಿದದ್ದು ಎಷ್ಟೋ ಸಲ ಓಟಿ (ಓವರ್‌ಟೈಮ್) ಎಂದು ದಾಖಲಾಗುವುದೂ ಇಲ್ಲ. ಸಿಯಾಟಲ್‌ನ ಲೆಕ್ಕದಲ್ಲಿ ಕಡಿಮೆಯಾದ ಗಂಟೆಯಾದರೂ ಕಂಡಿತು. ಒಳಗಿನಿಂದ ಬಿಗಿಯಾದ ಗಂಟೆಯನ್ನು ಹಿಡಿಯುವ ಅಂಕಿ ನಮ್ಮಲ್ಲಿಲ್ಲ.

ಪೌರಕಾರ್ಮಿಕರ ವಿಷಯದಲ್ಲಿ ಇದು ಬಯಲಿನಲ್ಲೇ ನಡೆಯಿತು. 2016ರಲ್ಲಿ ಅವರ ಕನಿಷ್ಠ ವೇತನ 14,040 ರೂಪಾಯಿಗೆ ಏರಿತು. ಬಹುಕಾಲದ ಹೋರಾಟಕ್ಕೆ ಸಿಕ್ಕ ದೊಡ್ಡ ಏರಿಕೆ ಅದು. ಅದೇ ವರ್ಷಗಳಲ್ಲಿ 700 ಜನರಿಗೆ ಒಬ್ಬ ಪೌರಕಾರ್ಮಿಕ ಎಂಬ ಲೆಕ್ಕವೂ ಬಂತು. ಒಂದು ಕಡತ ಕೂಲಿ ಹೆಚ್ಚಿಸಿತು, ಇನ್ನೊಂದು ಕಡತ ಒಂದು ಪೊರಕೆಗೆ ಎಷ್ಟು ಬೀದಿ ಎಂದು ತೀರ್ಮಾನಿಸಿತು. ಎರಡನೆಯ ಕಡತದ ಬಗ್ಗೆ ಪೊರಕೆ ಹಿಡಿದವರನ್ನು ಕೇಳಿದವರು ಯಾರು?

ದಕ್ಷಿಣ ಕನ್ನಡದ ಬೀಡಿ ಕಟ್ಟುವವರಿಗೆ ಗಂಟೆಯ ಮಾತೇ ಇಲ್ಲ, ಸಾವಿರ ಬೀಡಿಗೆ ಇಷ್ಟು ಎಂದು ಮಜೂರಿ. ದರ ಏರಿದರೆ ಯಾರೂ ಗಂಟೆ ಕತ್ತರಿಸಬೇಕಿಲ್ಲ. ಬೀಡಿ ಬ್ರಾಂಚಿನಲ್ಲಿ ಎಲೆ, ಹೊಗೆಸೊಪ್ಪು ಕಡಿಮೆ ತೂಗಿ, ಅಷ್ಟೇ ಬೀಡಿ ಕೇಳಿದರೆ ಆಯಿತು.

ಇದೆಲ್ಲಕ್ಕೂ ಒಂದು ಹಳೆಯ ಬೇರು ಇದೆ ಎಂದು ನನಗೆ ತೋರುತ್ತದೆ. ಕನಿಷ್ಠ ವೇತನ ಎಷ್ಟಿರಬೇಕು ಎಂದು 1957ರ ಭಾರತೀಯ ಕಾರ್ಮಿಕ ಸಮ್ಮೇಳನ ಅಳತೆಗಳನ್ನು ಕೊಟ್ಟಿತು. ದುಡಿಯುವವನ ಕುಟುಂಬವನ್ನು ಮೂರು ಬಳಕೆಯ ಘಟಕವೆಂದು ಹಿಡಿದು, ಒಂದೊಂದಕ್ಕೆ 2,700 ಕ್ಯಾಲೊರಿ, ನಾಲ್ಕು ಜನರಿಗೆ ವರ್ಷಕ್ಕೆ 72 ಗಜ ಬಟ್ಟೆ, ಮನೆ ಬಾಡಿಗೆ, ಅದರ ಜೊತೆಗೆ ಸೌದೆ, ದೀಪ ಮೊದಲಾದವಕ್ಕೆ ಶೇ 20. 1991ರಲ್ಲಿ ಸುಪ್ರೀಂ ಕೋರ್ಟ್ ಮಕ್ಕಳ ಓದು, ಔಷಧಿ, ಹಬ್ಬಹರಿದಿನ, ಮುಪ್ಪು, ಮದುವೆ ಎಂದು ಇನ್ನೂ ಶೇ 25 ಸೇರಿಸಿತು. ಇವನ್ನು ಓದುವಾಗ ಮನಸ್ಸು ತುಂಬಿ ಬರುತ್ತದೆ. ಹೊಸ ಗಣರಾಜ್ಯವೊಂದು ಬಡವನ ತಟ್ಟೆ, ಬಟ್ಟೆ, ಒಲೆ, ದೀಪ ಎಲ್ಲವನ್ನೂ ಒಂದೊಂದಾಗಿ ನೆನೆದು ಎಣಿಸಿದ ಪಟ್ಟಿ ಅದು. ಆದರೆ ಅದರಲ್ಲಿ ಹೊತ್ತು ಇಲ್ಲ. ಹಬ್ಬಕ್ಕೆ ಹಣ ಇದೆ, ಹೋಳಿಗೆ ಬೇಯಿಸುವ ಹೊತ್ತಿಗೆ ಜಾಗವಿಲ್ಲ. ದಿನಕ್ಕೆ ಒಂಬತ್ತು ಗಂಟೆ, ವಾರಕ್ಕೆ 48 ಗಂಟೆ ಎಂಬ ಮಿತಿ ಕಾರ್ಖಾನೆ ಕಾಯ್ದೆಯಲ್ಲಿತ್ತು ನಿಜ. ಆ ಗಂಟೆಯೊಳಗೆ ಒಂದು ಮೈಯಿಂದ ಎಷ್ಟು ಹಿಂಡಬಹುದು ಎಂಬುದನ್ನು ಮಾತ್ರ ಯಾರೂ ಅಳೆಯಲಿಲ್ಲ.

ಹನ್ನೆರಡನೆಯ ಶತಮಾನದ ಆಯ್ದಕ್ಕಿ ಲಕ್ಕಮ್ಮನ ಕಥೆ ನಮಗೆಲ್ಲ ಗೊತ್ತು. ಗಂಡ ಮಾರಯ್ಯ ಒಂದು ದಿನ ಬೇಕಾದ್ದಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಹೆಚ್ಚಿನದನ್ನು ಅಲ್ಲೇ ಸುರಿದು ಬನ್ನಿ ಎಂದು ಹಿಂದಕ್ಕೆ ಕಳಿಸಿದವಳು. ಅತಿಯಾಸೆ ಬೇಡವೆಂಬ ನೀತಿಗೆ ಈ ಕಥೆಯನ್ನು ಹೇಳುತ್ತಾರೆ. ನನಗೆ ಅದರಲ್ಲಿ ಕಾಣುವುದು ಅವಳ ಅಧಿಕಾರ. ಎಷ್ಟು ಆಯಬೇಕು, ಎಲ್ಲಿ ನಿಲ್ಲಿಸಬೇಕು ಎಂಬ ಅಳತೆ ಆ ಬಡವಿಯ ಕೈಯಲ್ಲಿತ್ತು. ಕಾಯಕ ಕೂಲಿಯಾಗದೆ ಕಾಯಕವಾಗಿ ಉಳಿದದ್ದು ಆ ಅಳತೆಯಿಂದ. ಇಂದು ಗಾರ್ಮೆಂಟ್ಸ್ ಲೈನಿನಲ್ಲಿ ಕೂತವಳು ಸಂಜೆ ಐದೂವರೆಗೆ "ಇವತ್ತಿಗೆ ಸಾಕು" ಎನ್ನಬಲ್ಲಳೇ? ಸೂಪರ್‌ವೈಸರನ ಬೈಗುಳಕ್ಕೆ ಹೆದರದಿದ್ದರೂ, ಬಾಡಿಗೆಗೆ ಹೆದರಿ ಅವಳು ಓಟಿ ಕೇಳಿ ಪಡೆಯುತ್ತಾಳೆ. ಮೂಲ ಸಂಬಳ ಕಡಿಮೆಯಿದ್ದಷ್ಟೂ ಓಟಿಯ ಹಸಿವು ಹೆಚ್ಚು. ಬಡವರು ಹೆಚ್ಚು ದುಡಿಯಲು ತಾವೇ ಬಯಸುತ್ತಾರೆ ಎಂದು ಹೇಳುವವರು ಆ ಬಯಕೆ ಎಲ್ಲಿ ಹುಟ್ಟುತ್ತದೆ ಎಂದು ಹಿಂದಿರುಗಿ ನೋಡುವುದಿಲ್ಲ.

2023ರಲ್ಲಿ ಕರ್ನಾಟಕ ಕಾರ್ಖಾನೆ ಕಾಯ್ದೆಗೆ ತಿದ್ದುಪಡಿ ತಂದು, ವಾರದ 48 ಗಂಟೆಯ ಮಿತಿಯೊಳಗೆ ದಿನಕ್ಕೆ 12 ಗಂಟೆವರೆಗೆ ದುಡಿಸಲು ದಾರಿ ಮಾಡಿತು. ಮೂರು ತಿಂಗಳಿಗೆ 75 ಗಂಟೆ ಇದ್ದ ಓಟಿಯ ಮಿತಿ 144ಕ್ಕೆ ಏರಿತು. ಕಾರ್ಮಿಕರ ಲಿಖಿತ ಒಪ್ಪಿಗೆ ಬೇಕು ಎಂಬ ಷರತ್ತಿತ್ತು. ಒಪ್ಪಿಗೆ! 1982ರಲ್ಲಿ, ಏಷ್ಯನ್ ಕ್ರೀಡಾಕೂಟಕ್ಕೆ ದೆಹಲಿಯಲ್ಲಿ ಕಟ್ಟಡ ಕಟ್ಟುತ್ತಿದ್ದವರ ಪ್ರಕರಣದಲ್ಲಿ, ಕನಿಷ್ಠ ವೇತನಕ್ಕಿಂತ ಕಡಿಮೆಗೆ ದುಡಿಸುವುದು ಬಲವಂತದ ದುಡಿಮೆಯೇ ಎಂದು ನ್ಯಾಯಮೂರ್ತಿ ಪಿ.ಎನ್. ಭಗವತಿ ಅವರ ಪೀಠ ತೀರ್ಪು ಕೊಟ್ಟಿತು. ಹಸಿವೂ ಬಡತನವೂ ಮನುಷ್ಯನನ್ನು ಚಾಟಿಯಷ್ಟೇ ಬಲವಾಗಿ ದೂಡಬಲ್ಲವು ಎಂಬುದು ಆ ತೀರ್ಪಿನ ತಿರುಳು. ಬಾಡಿಗೆ, ಸ್ಕೂಲ್ ಫೀಜು, ಸಂಘದ ಸಾಲದ ಕಂತು ಎಲ್ಲವೂ ಒಂದೇ ವಾರ ಬಾಗಿಲಿಗೆ ಬಂದಾಗ ಸಹಿ ಹಾಕುವ ಕೈಯನ್ನು ಯಾವುದು ನಡೆಸುತ್ತದೆ ಎಂದು ಆ ತೀರ್ಪು ಓದಿದವರಿಗೆ ಹೊಸದಾಗಿ ಹೇಳಬೇಕಿಲ್ಲ.

ಇದು ದೊಡ್ಡ ಕಾರ್ಖಾನೆಗಳದ್ದಷ್ಟೇ ಸ್ವಭಾವವೂ ಅಲ್ಲ. ಮನೆಗೆಲಸವನ್ನು 2004ರಲ್ಲೇ ಕನಿಷ್ಠ ವೇತನದ ಪಟ್ಟಿಗೆ ತಂದ ರಾಜ್ಯ ನಮ್ಮದು. ಮನೆಗೆಲಸದವರಿಗೆ ತಿಂಗಳಿಗೆ ಐನೂರು ಹೆಚ್ಚು ಮಾಡಿದ ಮರುವಾರವೇ "ಹೇಗೂ ಜಾಸ್ತಿ ಕೊಡ್ತಿದೀವಲ್ಲ, ಬಾಲ್ಕನೀನೂ ಒಂದ್ಸಲ ಒರೆಸ್ಬಿಡಮ್ಮ" ಎನ್ನುವ ಮನೆಗಳು ನಮ್ಮ ನಡುವೆ ಎಷ್ಟಿಲ್ಲ? ಆಕೆ "ಆಯ್ತಕ್ಕ" ಎಂದು ಬಕೆಟ್ ಎತ್ತಿಕೊಳ್ಳುತ್ತಾಳೆ. ಕೂಲಿ ಹೆಚ್ಚಿಸಿದವರಿಗೆ ಆ ಗಂಟೆಯೂ ತಮ್ಮದೇ ಎನಿಸುತ್ತದೆ. ಕೊಟ್ಟ ಹಣ ನ್ಯಾಯದ ಬಾಕಿ ಎಂದು ಮನಸ್ಸು ಒಪ್ಪುವುದಿಲ್ಲ, ಹೊಸದೇನನ್ನೋ ಕೊಂಡೆವು ಎಂದುಕೊಳ್ಳುತ್ತದೆ.

ಆದ್ದರಿಂದ ಕೂಲಿ ಏರಿಸಬಾರದು ಎಂದು ನಾನು ಹೇಳುತ್ತಿಲ್ಲ. ಏರಿಸಲೇಬೇಕು, ಈಗಿನದಕ್ಕಿಂತ ಬಹಳ ಏರಿಸಬೇಕು. ಮಾಲೀಕನ ಶಕ್ತಿ ನೋಡಿ ಕನಿಷ್ಠ ವೇತನ ನಿಗದಿಮಾಡಬೇಕಿಲ್ಲ ಎಂದು ಸುಪ್ರೀಂ ಕೋರ್ಟ್ 1961ರಲ್ಲೇ ಹೇಳಿದೆ. ಆದರೆ ಕೂಲಿಯ ಜೊತೆಗೆ ಗಂಟೆಯನ್ನೂ ಕಾಯದಿದ್ದರೆ ಒಂದು ಕೈ ಕೊಟ್ಟದ್ದನ್ನು ಇನ್ನೊಂದು ಕೈ ಎತ್ತಿಕೊಳ್ಳುತ್ತದೆ. ಕೂಲಿ ಏರಿಸಿದ ಸಿಯಾಟಲ್ ಅಷ್ಟಕ್ಕೆ ನಿಲ್ಲಲಿಲ್ಲ. ದೊಡ್ಡ ಅಂಗಡಿ, ಹೋಟೆಲುಗಳು ಕೆಲಸದ ವೇಳಾಪಟ್ಟಿಯನ್ನು 14 ದಿನ ಮೊದಲೇ ತಿಳಿಸಬೇಕು ಎಂಬ ಕಾನೂನನ್ನು 2017ರಿಂದ ಜಾರಿಗೆ ತಂದಿತು. ನಾಳೆಯ ಹೊತ್ತು ಯಾರದು ಎಂಬ ಪ್ರಶ್ನೆ ಅಲ್ಲಿ ಕಾನೂನಿನೊಳಕ್ಕೆ ಬಂತು.

ನಮ್ಮಲ್ಲಿ ಕೂಲಿ ನಿಗದಿಗೆ ಸಲಹಾ ಮಂಡಳಿ ಇದೆ. 1948ರ ಕನಿಷ್ಠ ವೇತನ ಕಾಯ್ದೆಯ ಕಾಲದಿಂದಲೂ ಅಲ್ಲಿ ಮಾಲೀಕರ ಕಡೆಯವರು, ಕಾರ್ಮಿಕರ ಕಡೆಯವರು, ಇಬ್ಬರಿಗೂ ಸೇರದವರು ಎಂದು ಮೂರು ಬಗೆಯ ಜನ ಎದುರುಬದುರು ಕೂತು ವಾದಿಸಿದ್ದಾರೆ. ಗಾರ್ಮೆಂಟ್ಸ್ ಲೈನಿನ ತುದಿಯಲ್ಲಿ ತೂಗುವ ಬೋರ್ಡಿನ ಮೇಲೆ ಗಂಟೆಗಂಟೆಗೂ ಬರೆಯುವ ಟಾರ್ಗೆಟ್ ಅಂಕಿಯನ್ನು ಮಾತ್ರ ಒಂದೇ ಕಡೆಯವರು ತೀರ್ಮಾನಿಸುತ್ತಾರೆ. ಸಂಬಳದಷ್ಟೇ ಆ ಅಂಕಿಯೂ ಮಾತುಕತೆಯ ವಿಷಯವಾಗಬೇಕು. ಅದನ್ನು ನಿಗದಿಮಾಡುವ ಮೇಜಿನಲ್ಲಿ ಮೆಷಿನ್ ಮುಂದೆ ಕೂರುವವರ ಕಡೆಯವರೂ ಇರಬೇಕು, ಇಷ್ಟು ನಮ್ಮಿಂದ ಆಗುವುದಿಲ್ಲ ಎಂದು ಹೇಳಿದರೆ ಆ ಮಾತು ದಾಖಲಾಗಬೇಕು.